ಸೀಟು ಸಿಗದವರ ಲೆಕ್ಕ

ಇವತ್ತು ಮಾಡಿದ ಕೆಲಸ ಇಷ್ಟು. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಎಮ್ಮೆ ಹಿಂಡಿದೆ. ಅತ್ತೆಗೆ ಬಿಸಿನೀರು ಕಾಯಿಸಿ ಕೊಟ್ಟೆ. ಒಂಬತ್ತಕ್ಕೆ ಶಾಲೆಗೆ ಹೋಗಿ ಬೇಳೆ ಆರಿಸಿದೆ, ಕುಂಬಳಕಾಯಿ ಹೆಚ್ಚಿದೆ, ಮಧ್ಯಾಹ್ನ ಮಕ್ಕಳಿಗೆಲ್ಲ ಬಡಿಸಿದೆ. ಪಾತ್ರೆ ತಿಕ್ಕಿದ ಮೇಲೆ, ಅಕ್ಕಿ ಚೀಲಗಳಿಗೆ ಹೊದಿಸಿದ್ದ ಹಳೆಯ ಫ್ಲೆಕ್ಸನ್ನು ತೆಗೆದು ಹಿತ್ತಲಿನ ಕಲ್ಲಿನ ಮೇಲೆ ಹಾಸಿ, ಸೋಪು ಹಚ್ಚಿ ಉಜ್ಜಿದೆ. ಉಜ್ಜುವಾಗ ಮೂಲೆಯಲ್ಲಿದ್ದ ತೇಪೆ ಕಿತ್ತು ಕೈಗೆ ಬಂತು. ಅದರ ಕೆಳಗೆ ಅಕ್ಕೋರು ಇದ್ದರು.

ಅಂಗೈ ಅಗಲದ ಫೋಟೊ. ಹಣೆಯ ಮೇಲೆ ವಿಭೂತಿ, ನಡುವೆ ಕುಂಕುಮ, ಒಂದು ಕಡೆಯ ಕಡ್ಡಿ ಮುರಿದು ಕರಿದಾರ ಸುತ್ತಿದ ಕನ್ನಡಕ. ಎರಡೂ ಕೈ ಮುಗಿದಿದ್ದಾರೆ. ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಸೀಮೆಸುಣ್ಣದ ಬಿಳಿ ಕೂತಿದ್ದು ಫೋಟೊದಲ್ಲೂ ಕಾಣುತ್ತದೆ. ಸೆರಗಿನಿಂದ ಒರೆಸಿದೆ. ಅದು ಹೋಗುವಂಥದ್ದಲ್ಲ.

ಅವರು ನಮ್ಮೂರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಅಲ್ಲಿ ಬಿಸಿಯೂಟದ ಅಡುಗೆಯವಳು. ನಮ್ಮೂರು ಯಮಕನಮರಡಿಗೂ ಹಿಡಕಲ್ಲಿಗೂ ನಡುವೆ ಇರುವ ಸಣ್ಣ ಹಳ್ಳಿ. ಅಕ್ಕೋರ ತವರು ಮೂಡಲಗಿ, ಇದ್ದದ್ದು ಹುಕ್ಕೇರಿಯಲ್ಲಿ, ಒಬ್ಬರೇ, ಒಂದು ಬಾಡಿಗೆ ಕೋಣೆಯಲ್ಲಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ಅಡುಗೆಕೋಣೆಯ ಕಟ್ಟೆಯೇ ಅವರ ಜಾಗ. ನಾನು ಪಾತ್ರೆ ತಿಕ್ಕುತ್ತಿದ್ದೆ, ಅವರು ನೋಟುಬುಕ್ಕು ತಿದ್ದುತ್ತಿದ್ದರು. ಹೀಗೆ ಏಳೆಂಟು ವರ್ಷ.

ಐವತ್ತು ದಾಟಿದ ಮೇಲೆ ಅವರಿಗೆ ಹೊಸ ಹುಚ್ಚು ಹತ್ತಿತು. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಪಾಠಕ್ಕೆ ಬಳಸುವುದು ಹೇಗೆಂದು ಶಿಕ್ಷಕರಿಗೆ ಹುಕ್ಕೇರಿಯಲ್ಲಿ ಮೂರು ದಿನ ತರಬೇತಿ ಇತ್ತು. ಉಳಿದವರು ಚಹಾ ಕುಡಿದು ಸರ್ಟಿಫಿಕೇಟು ತಂದರಂತೆ. ಇವರು ತಮ್ಮನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪ್ ತಂದರು. ನನ್ನ ಮಿಕ್ಸರಿನ ಪಕ್ಕದ ಪ್ಲಗ್ಗಿಗೆ ಅದರ ವೈರು ಹಾಕಿ ಕಟ್ಟೆಯ ಮೇಲೆ ಹಲಗೆ ಇಟ್ಟು ಕೂತರು.

ಮೌಸನ್ನು ಅವರು ಬಟ್ಟೆಗೆ ಸೋಪು ಉಜ್ಜಿದಂತೆ ಉಜ್ಜುತ್ತಿದ್ದರು. ತೆರೆಯ ಮೇಲಿನ ಬಾಣ ಅಂಚು ಮುಟ್ಟುವ ಮೊದಲೇ ಹಲಗೆ ಮುಗಿದುಬಿಟ್ಟರೆ, ಎದ್ದು ಹಲಗೆಯನ್ನೇ ಸರಿಸಿ ಮತ್ತೆ ಕೂಡುತ್ತಿದ್ದರು. ಮೌಸನ್ನು ಎತ್ತಿ ಹಿಂದಕ್ಕೆ ಇಟ್ಟುಕೊಳ್ಳಬಹುದು ಎಂದು ಗೊತ್ತಾಗಲು ಒಂದು ವಾರ ಬೇಕಾಯಿತು. ಗೊತ್ತಾದ ದಿನ ನನ್ನನ್ನು ಕರೆದು ತೋರಿಸಿದರು. ಅದಕ್ಕಿಂತ ಅವರಿಗೆ ಇಷ್ಟವಾದದ್ದು, ತಪ್ಪು ಮಾಡಿದರೆ ಒತ್ತಿ ಹಿಂದಕ್ಕೆ ಹೋಗುವ ಗುಂಡಿ. ಇಂಥದ್ದೊಂದು ಮೂವತ್ತು ವರ್ಷದಿಂದ ಕರಿಹಲಗೆಗೆ ಇರಬೇಕಿತ್ತು ಎನ್ನುತ್ತಿದ್ದರು. ಮಕ್ಕಳಿಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು, “ಬರಲಿಲ್ಲಂದ್ರ ಇನ್ನೊಮ್ಮಿ.” ಸಿಟ್ಟಿಲ್ಲದೆ ಹೇಳುತ್ತಿದ್ದರು, ಬಿಡದೆಯೂ ಹೇಳುತ್ತಿದ್ದರು.

ಉಳಿದದ್ದನ್ನು ಕಲಿತದ್ದು ಗೋಕಾಕದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಭಾನುವಾರ ಗಿರಾಕಿ ಕಡಿಮೆ. ಅಂಗಡಿಯವನ ಬಾಜೂ ಸ್ಟೂಲು ಹಾಕಿಕೊಂಡು, ಅವನು ಹುಟ್ಟುಹಬ್ಬದ ಬ್ಯಾನರು ಮಾಡುವುದನ್ನು ಸಂಜೆಯ ತನಕ ನೋಡುತ್ತ ಕೂಡುತ್ತಿದ್ದರಂತೆ. ಹಾಗೆ ತಯಾರಾದದ್ದು ಮೊದಲನೆಯ ಆಟ. ಐದನೆಯ ತರಗತಿಗೆ ಭಾಗಾಕಾರ ಕಲಿಸಲು ಹಾವು ಏಣಿ. ಕೋಣೆಯ ನೆಲದಷ್ಟು ದೊಡ್ಡ ಫ್ಲೆಕ್ಸು, ಅದರ ಮನೆಗಳಲ್ಲಿ ಒಂದೊಂದು ಲೆಕ್ಕ. ಮಕ್ಕಳೇ ಕಾಯಿಗಳು. ಚಪ್ಪಲಿ ಹೊರಗೆ ಬಿಟ್ಟು, ದಾಳ ಹಾಕಿ, ಹಾಸಿನ ಮೇಲೆ ಹೆಜ್ಜೆ ಇಡಬೇಕು. ಸೂರ್ಯ ಮುಳುಗುವುದು, ಕಮಲದ ಹೂ, ನವಿಲು, ಧುಮ್ಮಿಕ್ಕುವ ಫಾಲ್ಸು, ಕಲಿತದ್ದನ್ನೆಲ್ಲ ಅದರಲ್ಲಿ ತುಂಬಿದ್ದರು. ತುಂಬಲು ಉಳಿದಿದ್ದ ಒಂದು ಮೂಲೆಯನ್ನು ಅಂಗಡಿಯವನು ತುಂಬಿದ್ದ. ಅವನ ಅಂಗಡಿಯಿಂದ ಫೋಟೊ ಇಲ್ಲದ ಫ್ಲೆಕ್ಸು ಅದುವರೆಗೆ ಹೋದದ್ದೇ ಇಲ್ಲ. ಅಕ್ಕೋರ ಫೋಟೊ ಹಾಕಿ ಕೆಳಗೆ ‘ಹಾರ್ದಿಕ ಶುಭಾಶಯಗಳೊಂದಿಗೆ’ ಎಂದು ಬರೆದುಬಿಟ್ಟಿದ್ದ.

ಆಟ ಕೆಟ್ಟದ್ದು ಅಲ್ಲಿ. ಫೋಟೊ ಇದ್ದದ್ದು ಕೆಳಸಾಲಿನ ತುದಿಯ ನಾಲ್ಕನೆಯ ಮನೆಯ ಮೇಲೆ. ಅಕ್ಕೋರ ಮುಖದ ಮೇಲೆ ಕಾಲಿಡುವುದು ಹೇಗೆ? ನಾಲ್ಕು ಬಿದ್ದ ಮಕ್ಕಳೆಲ್ಲ ಐದಕ್ಕೆ ಜಿಗಿದರು. ಒಬ್ಬನ ಬೆರಳು ತಾಗಿತು. ಅವನು ಬಗ್ಗಿ ಫೋಟೊ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿಂದಿದ್ದವರು, ತಾಗದೇ ಇದ್ದವರೂ, ಸಾಲಾಗಿ ಬಂದು ಮುಟ್ಟಿ ನಮಸ್ಕಾರ ಮಾಡತೊಡಗಿದರು. ಅಕ್ಕೋರು ತಲೆ ಮೇಲೆ ಕೈ ಇಟ್ಟುಕೊಂಡು ಅಡುಗೆಕೋಣೆಗೆ ಬಂದರು. “ತಂಗಿ, ನನ್ನ ಮಾರಿ ಮುಚ್ಚಾಕ ಒಂದು ತುಂಡು ಅರಬಿ ಕೊಡವಾ,” ಅಂದರು. ಈಗ ಕಿತ್ತು ಬಂದದ್ದು ಅದೇ ತೇಪೆ. ಅಂಟು ಹಚ್ಚಿದವಳು ನಾನು.

ಮೂರು ವಾರ ಆಟ ಭರ್ಜರಿ ನಡೆಯಿತು. ನಾಲ್ಕನೆಯ ವಾರ ಕಿರುಪರೀಕ್ಷೆ. ಭಾಗಾಕಾರದಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಸೊನ್ನೆ. ಊರಿನ ಒಬ್ಬ ತಂದೆ, ಯಮಕನಮರಡಿಯಲ್ಲಿ ಅಂಗಡಿ ಇಟ್ಟವರು, ಮಗಳ ಪೇಪರು ಹಿಡಿದು ಹೆಡ್‌ಮಾಸ್ತರ ಹತ್ತಿರ ಬಂದರು. ಬಡಿಸಲು ನಿಂತಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿಯೇ ಮಾತಾಡಿದರು. “ಆಟಾ ಆಡಾಕ ನಮ್ಮ ಮನಿ ಮುಂದನ ಜಾಗಾ ಐತ್ರಿ. ಸಾಲಿಗೆ ಯಾಕ ಕಳಸೂದು?”

ಹೆಡ್‌ಮಾಸ್ತರರು ಕೆಟ್ಟವರಲ್ಲ, ಆದರೆ ಅವರಿಗೆ ಉತ್ತರ ಹೇಳಬೇಕಾಗಿತ್ತು. ಹಾಸನ್ನು ಉಗ್ರಾಣಕ್ಕೆ ಹಾಕಿ, ಕರಿಹಲಗೆಗೆ ಹಿಂದಿರುಗಿ ಎಂದರು. ಅಕ್ಕೋರು ವಾದ ಮಾಡಲಿಲ್ಲ. “ದಸರಾ ಸೂಟಿ ಮೊದ್ಲ ಅರ್ಧವಾರ್ಷಿಕ ಐತಿ. ಅಲ್ಲೀತನಕಾ ಬಿಡ್ರಿ ಸರ್. ಅದರಾಗೂ ಬರಲಿಲ್ಲಂದ್ರ ನಾನ ಮಡಚಿ ಇಡ್ತೇನಿ. ಮತ್ತ ತಗ್ಯಾಂಗಿಲ್ಲ.” ಆಗಲಿ ಅಂದರು ಅವರು. ಎಂಟು ವಾರವೂ ಇರಲಿಲ್ಲ.

ಆ ಮಧ್ಯಾಹ್ನ ಅಕ್ಕೋರು ಒಂದು ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು. ಹಿಡಕಲ್ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಮನೆಯ ಮಗು. ಆಟದಲ್ಲಿ ದಿನಾ ಗೆಲ್ಲುವವಳು ಅವಳೇ, ಪರೀಕ್ಷೆಯಲ್ಲಿ ಸೊನ್ನೆ. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿ ಕೂತಿದ್ದಳು. ದಿನಾ ಹೇಗೆ ಗೆಲ್ಲುತ್ತಿ ಎಂದಷ್ಟೇ ಅವರು ಕೇಳಿದರು.

“ಏಣಿ ಇದ್ದ ಮನ್ಯಾಗ ಲೆಕ್ಕಾ ಇಲ್ರಿ ಅಕ್ಕೋರ,” ಅಂದಳು. “ಆರು ಬಿದ್ರ ಏಣಿ. ಲೆಕ್ಕಾ ಮಾಡದಿದ್ರೂ ಗೆಲ್ಲಾಕ ಬರತೈತ್ರಿ.”

ಅಕ್ಕೋರು ಡಬ್ಬಿಯಿಂದ ಒಂದು ಶೇಂಗಾ ಉಂಡೆ ತೆಗೆದು ಅವಳ ಕೈಗೆ ಕೊಟ್ಟು, ಜಾಣೆ ಎಂದರು. ನನ್ನ ಕಡೆ ತಿರುಗಿ, ತಪ್ಪು ಮಕ್ಕಳದ್ದಲ್ಲ, ತನ್ನ ಆಟದ್ದು ಅಂದರು. ದಾಳವನ್ನು ಅಲ್ಲೇ ಒಲೆಗೆ ಹಾಕಿದರು. ಕಟ್ಟಿಗೆಯ ದಾಳ, ಚೆನ್ನಾಗಿ ಉರಿಯಿತು.

ಮರುದಿನ ಬೆಳಿಗ್ಗೆ ಬಸ್ಸಿಳಿದವರು ತರಗತಿಗೆ ಹೋಗದೆ ಮೊದಲು ನನ್ನ ಹತ್ತಿರ ಬಂದರು. ಮುಖ ತೊಳೆದ ಹಾಗಿತ್ತು. “ನಿನ್ನಿ ಹುಕ್ಕೇರಿ ತನಕಾ ನಿಂತ ಹೋದ್ನಿ ತಂಗಿ. ಒಂದೊಂದು ಸೀಟಿನ್ಯಾಗ ಮೂರು ಮೂರು ಮಂದಿ ಕುಂತಿದ್ರು, ನಾನೂ ಇನ್ನೊಬ್ಬಾಕೀನೂ ನಿಂತಿದ್ವಿ. ಆವಾಗ ಹೊಳೀತು ನೋಡು. ಶೇಷ ಅಂದ್ರ ನಾನ.”

ಭಾಗಿಸಿದ ಮೇಲೆ ಉಳಿಯುವ ಅಂಕಿಗೆ ಪುಸ್ತಕದಲ್ಲಿ ಶೇಷ ಎನ್ನುತ್ತಾರೆ. ನನಗೂ ಚಿಕ್ಕಂದಿನಲ್ಲಿ ಅದು ತಿಳಿದಿರಲಿಲ್ಲ. ಅದೇಕೆ ಉಳಿಯುತ್ತದೆ, ಉಳಿದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಅಕ್ಕೋರು ನನ್ನನ್ನೂ ಗೋಕಾಕಕ್ಕೆ ಕರೆದುಕೊಂಡು ಹೋದರು. ಈ ಸಲ ಮೌಸು ಅವರ ಕೈಯಲ್ಲೇ ಇತ್ತು. ಒಂದು ಬಸ್ಸಿನ ಒಳಗು, ಮೇಲಿನಿಂದ ನೋಡಿದ ಹಾಗೆ. ಮೂರು ಮಂದಿಯ ಸೀಟುಗಳ ಸಾಲು, ಪಕ್ಕದಲ್ಲಿ ನಿಲ್ಲುವವರಿಗೆ ಉದ್ದನೆಯ ಬಿಳಿ ಜಾಗ, ಮೇಲೆ ಐದು ಸ್ಟಾಪುಗಳ ಹೆಸರು: ಯಮಕನಮರಡಿ, ಹಿಡಕಲ್, ಹುಕ್ಕೇರಿ, ಗೋಕಾಕ, ಮೂಡಲಗಿ. ನವಿಲಿಲ್ಲ, ಕಮಲವಿಲ್ಲ. ಅಂಗಡಿಯವನಿಗೆ ನೋಡಲಾಗಲಿಲ್ಲ.

“ಇಷ್ಟು ಖಾಲಿ ಬಿಟ್ರ ನನಗ ಬೈತಾರ್ರಿ ಅಕ್ಕೋರ. ಒಂದು ಸೂರ್ಯಾರ ಹಾಕೂಣು.”

“ಬ್ಯಾಡಪಾ. ಆ ಖಾಲಿ ಜಾಗಾದಾಗ ನನ್ನ ಮಕ್ಕಳು ನಿಂದ್ರಬೇಕು.”

ಫೋಟೊ ಎಂದು ಅವನು ಬಾಯಿ ತೆರೆದ. ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು. ಅವನು ಸುಮ್ಮನೆ ಮಷೀನು ಶುರು ಮಾಡಿದ.

ಹೊಸ ಆಟದಲ್ಲಿ ಅದೃಷ್ಟಕ್ಕೆ ಜಾಗ ಇರಲಿಲ್ಲ. ಪ್ರತಿ ಸ್ಟಾಪಿಗೂ ಒಬ್ಬರು ಕಂಡಕ್ಟರು. ಚೀಟಿ ಎತ್ತಿದರೆ ಹದಿನೇಳು ಮಂದಿ ಎಂದು ಬರುತ್ತದೆ. ಒಬ್ಬರೂ ಬಸ್ಸು ಹತ್ತುವ ಮೊದಲೇ ಕಂಡಕ್ಟರು ಪಾಟಿಯ ಮೇಲೆ ಲೆಕ್ಕ ಮಾಡಿ ಬರೆಯಬೇಕು: ಎಷ್ಟು ಸೀಟು ತುಂಬುತ್ತವೆ, ಎಷ್ಟು ಮಂದಿ ನಿಲ್ಲುತ್ತಾರೆ. ಆಮೇಲೆ ಮಕ್ಕಳು ಹತ್ತಿ ಕೂತು ನೋಡುತ್ತಾರೆ. ಸರಿ ಇದ್ದರೆ ಕಂಡಕ್ಟರು ಸೀಟಿ ಊದಬಹುದು. ತಪ್ಪಿದರೆ ಸೀಟಿ ಬೇರೆಯವರಿಗೆ. ತರಗತಿಯಲ್ಲಿದ್ದ ಮಕ್ಕಳಿಗಿಂತ ಹೆಚ್ಚಿನ ಮಂದಿ ಬಂದರೆ ನನ್ನ ಡಬ್ಬಿಯ ಹುಣಸೆಬೀಜಗಳು ಪ್ರಯಾಣಿಕರು. ಬಸ್ಸಿನ ಇನ್ನೊಂದು ಬದಿ ಎರಡೆರಡು ಮಂದಿಯ ಸೀಟು ಇರುತ್ತವಲ್ಲ ಎಂದು ಮಕ್ಕಳು ತಕರಾರು ತೆಗೆದರು. ಅದು ಮುಂದಿನ ಫ್ಲೆಕ್ಸಿಗೆ ಎಂದರು ಅಕ್ಕೋರು. ಯಮಕನಮರಡಿಯಿಂದ ಮೂಡಲಗಿಗೆ ಇಂಥ ಬಸ್ಸೇ ಇಲ್ಲ ಎಂದರು ಮಕ್ಕಳು. “ಇಲ್ಲಂತನ ಮಾಡೇನಿ,” ಎಂದರು ಅಕ್ಕೋರು.

ಮೊದಲ ಎರಡು ವಾರ ಸೀಟಿ ಊದುವವರೇ ಇಲ್ಲ. ನನಗೆ ಒಳಗೇ ಹೆದರಿಕೆ. ಆ ಹಿಡಕಲ್ ಹುಡುಗಿಗಂತೂ ಏಣಿ ಇಲ್ಲದ ಆಟವೇ ಬೇಡವಾಗಿತ್ತು, ಮೂಲೆಗೆ ಹೋಗಿ ಕೂಡುತ್ತಿದ್ದಳು. ಅಕ್ಕೋರು ದಿನಾ ಅವಳನ್ನು ಕರೆಯುತ್ತಿದ್ದರು, ಅವಳು ದಿನಾ ತಪ್ಪುತ್ತಿದ್ದಳು. ಇನ್ನೊಮ್ಮಿ, ಇನ್ನೊಮ್ಮಿ. ಒಂದು ದಿನ ನಾನು ಅನ್ನ ಬಸಿಯುತ್ತಿದ್ದೆ. ಸೀಟಿ ಕೇಳಿತು. ಉದ್ದಕ್ಕೆ ಊದಿದ್ದಳು, ಉಸಿರು ಮುಗಿಯುವ ತನಕ. ಗಂಜಿ ಕೈಗೆ ಚೆಲ್ಲಿದ್ದು ಆಮೇಲೆ ಗೊತ್ತಾಯಿತು.

ಅರ್ಧವಾರ್ಷಿಕದ ಗಣಿತ ಪೇಪರುಗಳನ್ನು ಹೆಡ್‌ಮಾಸ್ತರರು ತಾವೇ ತಿದ್ದುವೆನೆಂದು ತೆಗೆದುಕೊಂಡು ಹೋದರು. ಅಕ್ಕೋರು ಆ ದಿನ ಹಾಸನ್ನು ಒರೆಸಿ, ಮಡಚುವುದಾದರೆ ಸುಲಭವಾಗಲಿ ಎಂದು ಅದರ ಮೇಲಿನ ಬೀಜಗಳನ್ನೆಲ್ಲ ಎತ್ತಿ ಡಬ್ಬಿಗೆ ತುಂಬಿ ನನಗೆ ತಂದುಕೊಟ್ಟರು. ಊಟ ಮಾಡಲಿಲ್ಲ. ಮಜ್ಜಿಗೆ ಕುಡಿದರು.

ಮಧ್ಯಾಹ್ನ ಹೆಡ್‌ಮಾಸ್ತರರು ಪೇಪರಿನ ಕಟ್ಟು ಹಿಡಿದು ಕಟ್ಟೆಗೆ ಬಂದರು. ಮೇಲಿದ್ದದ್ದು ಆ ಹುಡುಗಿಯ ಪೇಪರು. ನಲವತ್ತೇಳನ್ನು ಮೂರರಿಂದ ಭಾಗಿಸಬೇಕಿತ್ತು. ಹದಿನೈದು ಎಂದು ಬರೆದು, ಕೆಳಗೆ ‘ನಿಂತವರು ಇಬ್ಬರು’ ಎಂದು ಬರೆದಿದ್ದಳು.

“ಇದೇನ್ರಿ ಅಕ್ಕೋರ? ಒಬ್ಬಾಕಿ ಅಲ್ಲ, ಎಲ್ಲಾರೂ ಹಿಂಗ ಬರದಾರ. ನಿಂತವರು ಅಂದ್ರ ಯಾರು?”

“ನೀವು ದಿನಾ ಯಮಕನಮರಡಿಂದ ನಿಂತ ಬರ್ತೀರಲ್ರಿ ಸರ್. ನಿಮಗ ತಿಳೀಲಿಲ್ಲ?”

ಅವರು ಪೇಪರು ನೋಡಿದರು, ಹಾಸಿನ ಕಡೆ ನೋಡಿದರು. ಪುಸ್ತಕದಲ್ಲಿ ಶೇಷ ಎಂದಿದೆ ಎಂದರು. ಉತ್ತರ ತಪ್ಪಿದೆಯೇ ಎಂದು ಅಕ್ಕೋರು ಕೇಳಿದರು. ಉತ್ತರ ಬರೋಬರಿ ಎಂದು ಒಪ್ಪಿಕೊಂಡರು. ಮೂವರನ್ನು ಬಿಟ್ಟರೆ ಎಲ್ಲರದೂ ಬರೋಬರಿ. ಕಟ್ಟೆಯ ಮೇಲೇ ಕೂತು, ಸರಿ ಇದ್ದ ಒಂದೊಂದು ಪೇಪರಿನಲ್ಲೂ ‘ನಿಂತವರು’ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಶೇಷ’ ಎಂದು ಬರೆದು, ಪೂರ್ತಿ ಅಂಕ ಕೊಟ್ಟರು. ಏಳುವಾಗ ನನ್ನ ಕೈಯಲ್ಲಿದ್ದ ಬೀಜದ ಡಬ್ಬಿ ಕಂಡಿತು. “ಮಡಚಬ್ಯಾಡ್ರಿ,” ಎಂದಷ್ಟೇ ಹೇಳಿ ಹೋದರು.

ಅಕ್ಕೋರು ಆಗ ಊಟ ಕೇಳಿದರು. ಅನ್ನ ಮುಗಿದಿತ್ತು. ತಳದ ಸೀಕು ಕೆರೆದು ಕೊಟ್ಟೆ.

ದೂರು ತಂದಿದ್ದ ತಂದೆ ಮತ್ತೆ ಬಂದರು. ಮಗಳು ಮನೆಯಲ್ಲಿ ಹಾಸಿಗೆಯ ಮೇಲೆ ಎಲ್ಲರನ್ನೂ ಮೂರು ಮೂರು ಕೂಡಿಸಿ ಸೀಟಿ ಊದುತ್ತಾಳೆ, ಅಜ್ಜನನ್ನು ದಿನಾ ನಿಲ್ಲಿಸುತ್ತಾಳೆ ಎಂಬುದು ಹೊಸ ದೂರು. ಅಕ್ಕೋರು ಅದನ್ನು ಬಹಳ ಗಂಭೀರವಾಗಿ ಕೇಳಿಸಿಕೊಂಡರು.

ಮರುವರ್ಷ ಅವರಿಗೆ ಬೇನೆ ಬಂತು. ರಜೆ ಹಾಕಿ ಮೂಡಲಗಿಗೆ ತಮ್ಮನ ಮನೆಗೆ ಹೋದರು. ಶ್ರಾವಣದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಬೇಳೆಗೆ ನೀರಿಟ್ಟಿದ್ದೆ. ಮಕ್ಕಳು ಬಂದಾಗಿತ್ತು, ಒಲೆ ಆರಿಸಲು ಆಗಲಿಲ್ಲ.

ಹದಿನೈದು ದಿನದ ಮೇಲೆ ಗೋಕಾಕದ ಫ್ಲೆಕ್ಸ್ ಅಂಗಡಿಯವನು ಮೋಟರ್‌ಸೈಕಲ್ಲಿಗೆ ಸುರುಳಿ ಕಟ್ಟಿಕೊಂಡು ಶಾಲೆಗೆ ಬಂದ. ಅದು ಬಸ್ಸಿನ ಇನ್ನೊಂದು ಬದಿ, ಎರಡೆರಡು ಮಂದಿಯ ಸೀಟುಗಳದ್ದು. ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಿ ಮೊಬೈಲಿನಲ್ಲಿ ಕಳಿಸಿದ್ದರಂತೆ. ಚಹಾ ಕೊಟ್ಟೆ. ಕುಡಿಯುತ್ತ ಅವನು, ಮೂಡಲಗಿಯಲ್ಲಿ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸನ್ನೂ ತಾನೇ ಮಾಡಿದ್ದು ಎಂದ. “ನಡುವ ಅವರ ಫೋಟೊ ಅಷ್ಟ ಹಾಕೇನಿ. ಸುತ್ತಲೂ ಖಾಲಿ ಬಿಟ್ಟೇನ್ರಿ.”

ಈಗ ಎರಡೂ ಬದಿ ಸೇರಿ ಪೂರ್ತಿ ಬಸ್ಸು. ಹೊಸದಾಗಿ ಬಂದ ಮಾಸ್ತರರಿಗೆ ಆಟದ ನಿಯಮ ಹೇಳಿಕೊಟ್ಟವಳು ನಾನು, ಒಂದು ಕಾಲಕ್ಕೆ ಗಣಿತಕ್ಕೆ ಹೆದರಿ ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಅಡುಗೆ ಎಂದರೂ ಭಾಗಾಕಾರವೇ ಎಂದು ಅಕ್ಕೋರು ಹೇಳಿಕೊಟ್ಟ ದಿನದಿಂದ, ಎಷ್ಟು ಮಕ್ಕಳಿಗೆ ಎಷ್ಟು ಅಕ್ಕಿ ಎಂದು ಯಾರನ್ನೂ ಕೇಳಿಲ್ಲ. ಮೂಡಲಗಿ ಸ್ಟಾಪು ಬಂದಾಗ ಮಕ್ಕಳು, “ಅಕ್ಕೋರ ಊರು ಬಂತ, ಇಳೀರಿ,” ಎಂದು ಕೂಗುತ್ತಾರೆ. ಈಗಿನ ಐದನೆಯವರು ಅವರನ್ನು ಕಂಡವರಲ್ಲ.

ತೊಳೆದು ಹಾಕಿದ್ದ ಹಾವು ಏಣಿಯ ಫ್ಲೆಕ್ಸು ಒಣಗಿತು. ಹೊಸ ತೇಪೆ ಹಚ್ಚಲಿಲ್ಲ. ಇದರ ಮೇಲೆ ಈಗ ಯಾರೂ ಕಾಲಿಡುವುದಿಲ್ಲ. ಫೋಟೊ ಮೇಲೆ ಬರುವ ಹಾಗೆ ಅಕ್ಕಿ ಚೀಲಗಳಿಗೆ ಹೊದಿಸಿ ಬಂದೆ.

ಮನೆಗೆ ಬಂದು ಹನ್ನೊಂದು ರೊಟ್ಟಿ ಬಡಿದೆ. ಮೆಂತ್ಯ ಪಲ್ಯ, ಶೇಂಗಾ ಚಟ್ನಿ, ಮೊಸರು. ಅತ್ತೆ, ನನ್ನ ಯಜಮಾನರು, ನಾನು, ಮೂವರೂ ತಲಾ ಮೂರು ತಿಂದೆವು. ನಿಂತವು ಎರಡು, ಬೆಳಿಗ್ಗೆಗೆ ಬಟ್ಟೆ ಮುಚ್ಚಿ ಇಟ್ಟೆ. ಮೊದಲು ಮಲಗಿದ್ದು ಅತ್ತೆ.