ಸೂಜಿಗಲ್ಲಿಗೆ ಸಿಕ್ಕ ಉಂಗುರ

೧೯೩೪ರಲ್ಲಿ ನಾನು ಅರಕಲಗೂಡಿನ ಶಾಲೆ ಬಿಟ್ಟೆ. ಹೊಳೆನರಸೀಪುರದ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಾ ಬೆಳೆದು, ಯುದ್ಧದ ಹೊತ್ತಿಗೆ ಅದೇ ಬೀದಿಯಲ್ಲಿ ಸ್ವಂತ ಶಾಪು ತೆರೆದೆ. ಯಾರ ಮುಂದೆಯೂ ಕೈ ಒಡ್ಡಲಿಲ್ಲ.

ಹಾಸನದಲ್ಲಿ ಕೆಟ್ಟು ನಿಂತ ಬಸ್ಸೊಂದರ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಬಿಚ್ಚಿದಾಗ ಸಿಕ್ಕಿದ, ಲಾಳದಂತೆ ಬಾಗಿದ ಸೂಜಿಗಲ್ಲು ಸದಾ ನನ್ನ ಜೇಬಿನಲ್ಲಿರುತ್ತಿತ್ತು. ಕಬ್ಬಿಣ, ಉಕ್ಕು ಕಂಡರೆ ಹಾರಿ ಹಿಡಿಯುವುದು. ಹಿತ್ತಾಳೆ, ತಾಮ್ರ, ಚಿನ್ನದ ಕಡೆ ತಿರುಗಿಯೂ ನೋಡದು. ಅದಕ್ಕೆ ಅಂಟಿದ ಮೊಳೆ ತಾನೂ ಸೂಜಿಗಲ್ಲಾಗಿ ಇನ್ನೊಂದು ಮೊಳೆಯನ್ನು ಎಳೆಯುವುದು. ಬಿಡಿಸಿದೊಡನೆ ಆ ಗತ್ತು ಇಳಿಯುವುದು. ಇದನ್ನು ಯಾವ ಮೇಷ್ಟರೂ ನನಗೆ ಕಲಿಸಲಿಲ್ಲ.

ದುದ್ದದ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಮನಸ್ಸಿಗೆ ಬಂದಳು. ಅವಳ ಅಪ್ಪನಿಗೆ ಮಾತ್ರ ಓದು ಬಿಟ್ಟವನು ಬೇಡ. ನಾನು ಸೂಜಿಗಲ್ಲಿನ ಪ್ರತಾಪ ಕೊಚ್ಚಿಕೊಂಡೆ. ಅವರು ತಮ್ಮ ಉಂಗುರ ತಾತನ ಕಾಲದ ಅಪರಂಜಿ ಎಂದರು. ಅಂಗಳದಲ್ಲಿ ಒಣಗಹಾಕಿದ್ದ ರಾಗಿಯ ರಾಶಿಗೆ ಕೈ ತೂರಿಸಿ, ಬೆಳೆ ಹೇಗಿದೆ ನೋಡೆಂದು ಬೊಗಸೆ ತುಂಬಿ ತೋರಿಸಿದರು. ಕೈ ಕೊಡವಿದಾಗ ಬೆರಳು ಬರಿದಾಗಿತ್ತು.

ಮನೆಮಂದಿಯೆಲ್ಲ ರಾಶಿ ಕೆದಕಿದರೂ ಉಂಗುರ ಸಿಗಲಿಲ್ಲ.

"ಅದೇನೋ ಕಲ್ಲು ಎಳೀತದೆ ಅಂತಿದ್ದಲ್ಲಪ್ಪ, ಎಳೆಸು ನೋಡಾಣ. ಉಂಗ್ರ ಸಿಕ್ರೆ ಎಣ್ಣು ನಿಂದೇ ಕಣಪ್ಪ," ಎಂದರು ಹುಡುಗಿಯ ಅಪ್ಪ.

ಚಿನ್ನ ಅದಕ್ಕೆ ಅಂಟದು ಎಂದು ಹೇಳಬೇಕಿತ್ತು. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಂಚೆ ಎತ್ತಿಕಟ್ಟಿ ರಾಗಿಯಲ್ಲಿ ಸೂಜಿಗಲ್ಲು ಆಡಿಸಿದೆ. ಕಣದಲ್ಲಿ ಎತ್ತಿನ ಕಾಲಿಂದ ಉದುರಿದ್ದ ಲಾಳದ ಮೊಳೆಯೊಂದು ಬಂತು. ಮತ್ತೆ ಆಡಿಸಿ ಎತ್ತಿದರೆ ಆ ಮೊಳೆಯ ತುದಿಗೆ ಉಂಗುರ ಅಂಟಿ ನೇತಾಡುತ್ತಿತ್ತು.

ಎಲ್ಲರೂ ನಕ್ಕರು. ನಾನು ಉಂಗುರವನ್ನೇ ನೋಡಿದೆ. ಅಪರಂಜಿಯಾಗಿದ್ದರೆ ಅಂಟುತ್ತಿರಲಿಲ್ಲ, ಇದು ಚಿನ್ನದ ತಗಡು ಹೊದ್ದ ಕಬ್ಬಿಣ. ಯಜಮಾನರು ನನ್ನನ್ನು ಹಂಗಿಸುವ ಭರದಲ್ಲಿ ತಮ್ಮ ಗುಟ್ಟು ತಾವೇ ಮರೆತಿದ್ದರು. ಈಗ ಬೆವರುತ್ತಿದ್ದರು.

ಹುಡುಗಿಯ ತಾಯಿ ಏನೂ ಅರಿಯದೆ ಕೇಳಿಯೇಬಿಟ್ಟರು: "ಆ ಕಲ್ಲು ಕಬ್ಬಿಣಾನ ಅಲ್ವಾ ಇಡಿಯಾದು?"

"ಊ ಕಣವ್ವ. ಮೊಳೆ ಉಂಗ್ರದೊಳಿಕ್ಕೆ ತೂರ್ಕಂಡಿತ್ತು, ಅದ್ಕೆ ಜೊತೇಲಿ ಬಂತು," ಎಂದೆ.

ಯಜಮಾನರು ಉಂಗುರವನ್ನು ಕಿತ್ತು ಬೆರಳಿಗೇರಿಸಿಕೊಂಡರು. "ಉಡ್ಗ ತಿಳುವಳಿಕಸ್ತ. ಓದಿನಾಗೇನೈತೆ ಬುಡು," ಎಂದು ಪಾಯಸಕ್ಕೆ ಹೇಳಿದರು.

ಮದುವೆಯಾದ ಮೇಲೆ ಹೆಂಡತಿ ಹೇಳಿದಳು: "ಮಳೆ ಇಡಿದ್ರೆ ಅಪ್ಪನ ಬೆರಳಿಗೆ ಉಂಗ್ರದ ತುಕ್ಕು ಅತ್ತೋದು. ಸಿಕ್ಕೇ ಸಿಗ್ತದೆ ಅಂತ ನಂಗೆ ಗೊತ್ತಿತ್ತು ಬುಡಿ."

ಈಗ ನನಗಿರುವುದು ಶಾಪು ಒಂದು, ಬಾಡಿಗೆ ಸೈಕಲ್ಲು ಆರು, ಹೆಂಡತಿ ಒಬ್ಬಳು, ಮಕ್ಕಳು ಮೂವರು, ಬಿದ್ದು ಬಿದ್ದು ಬಲ ಕುಂದಿದ ಸೂಜಿಗಲ್ಲು ಒಂದು, ಮದುವೆಯಲ್ಲಿ ಮಾವನವರು ತೊಡಿಸಿದ, ನಾನಿನ್ನೂ ಆ ಸೂಜಿಗಲ್ಲಿನ ಹತ್ತಿರ ಒಯ್ಯದ ಉಂಗುರ ಒಂದು.