ಫೋರ್ತ್ ಸೀಟು

ಮೊನ್ನೆ ಹಳೆಯ ಇಂಗ್ಲಿಷ್ ನಿಘಂಟೊಂದನ್ನು ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಡೊಂಬಿವಲಿಯ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ, ಅದರಲ್ಲಿ ಒಬ್ಬರ ಮೈಗೊಬ್ಬರು ತಾಗಿಕೊಂಡೇ ಬದುಕಿದ ಅಪ್ಪ, ಅಮ್ಮ, ನಾನು, ಅಪ್ಪನ ಅಕ್ಕ ಸರೋಜತ್ತೆ ಎಲ್ಲರೂ ಬಂದರು. ಆ ಕಟ್ಟಡವನ್ನು ಕೆಡವಿ ಎಷ್ಟೋ ಕಾಲವಾಯಿತು. ನಿಘಂಟು ಅತ್ತೆಯದು, ಉಡುಪಿಯಿಂದ ಬರುವಾಗ ಸೀರೆಗಳಿಗಿಂತ ಮೊದಲು ಅದನ್ನೇ ಟ್ರಂಕಿಗೆ ಹಾಕಿದ್ದರಂತೆ. ಮದುವೆಯಾಗದ ಅತ್ತೆ ಠಾಣೆಯ ವರ್ತಕ ನಗರದ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದರು. ಪದಗಳ ಜಾತಕ ಬಿಡಿಸುವುದು ಅವರ ಚಟ. ಒಂದು ಚೌತಿಯ ದಿನ ಕಡುಬು ಬಡಿಸುತ್ತ ಅಂದರು: "ನಮ್ಮ ಚತುರ್ಥಿ, ಅವರ ಫೋರ್ತು, ಎರಡೂ ದಾಯಾದಿಗಳು ಮಾರಾಯ್ತಿ. ಹಿಂದೆ ಒಂದೇ ಮನೆ, ಆಮೇಲೆ ಪಾಲಾದದ್ದು." ನಾಲ್ಕನೆಯದು ಮಾತ್ರವಲ್ಲ, ಕಾಲುಭಾಗ ಎಂಬ ಅರ್ಥವೂ ಅದಕ್ಕುಂಟು ಎಂದು ಕಡುಬನ್ನು ನಾಲ್ಕು ತುಂಡು ಮಾಡಿ ತೋರಿಸಿದ್ದರು.

ಆ ದಪ್ಪ ನಿಘಂಟಿನಲ್ಲೂ ಇಲ್ಲದ ಅರ್ಥವೊಂದನ್ನು ನಾವೆಲ್ಲ ಲೋಕಲ್ ಟ್ರೇನಿನಲ್ಲಿ ಕಲಿತೆವು. ಮೂವರ ಸೀಟಿನಲ್ಲಿ ಮೂವರೂ ಚೂರು ಚೂರು ಸರಿದರೆ ತುದಿಯಲ್ಲಿ ಹುಟ್ಟುವ ಅಂಗೈಯಗಲದ ಜಾಗವೇ ಫೋರ್ತ್ ಸೀಟು. ಅದು ರೈಲಿನವರು ಕೊಟ್ಟದ್ದಲ್ಲ, ಕೂತವರ ದಯೆ. ಅತ್ತೆ ಎಷ್ಟೋ ವರ್ಷ ಅದರಲ್ಲೇ ಅರ್ಧ ಮೈ ಹೊರಗಿಟ್ಟು ಓಡಾಡಿದರು. ಸೊಂಟನೋವು ಹತ್ತಿದ ಮೇಲಂತೂ ಅಷ್ಟು ಜಾಗವೂ ಸಿಗದ ದಿನ ಹೈರಾಣಾಗಿ ಬಿಡುತ್ತಿದ್ದರು.

ನಾನು ಠಾಣೆಯ ಕಾಲೇಜು ಸೇರಿದೆ. ನಮ್ಮಂಥ ಹುಡುಗಿಯರು ಸೀಟಿನ ಆಸೆಗೆ ಡೊಂಬಿವಲಿಯಿಂದ ಮೊದಲು ಕಲ್ಯಾಣಕ್ಕೆ ಹೋಗಿ, ಅಲ್ಲಿ ಹೊರಡುವ ಗಾಡಿಯಲ್ಲಿ ಕೂತು ಮತ್ತೆ ಡೊಂಬಿವಲಿ ದಾಟಿ ಹೋಗುತ್ತಿದ್ದೆವು. "ಮುಂದೆ ಹೋಗ್ಲಿಕ್ಕೆ ಯಾರಾದ್ರೂ ಹಿಂದೆ ಹೋಗ್ತಾರಾ?" ಎಂದು ಅತ್ತೆ ನಗುತ್ತಿದ್ದರು. ಪರೀಕ್ಷೆಯ ದಿನಗಳ ಒಂದು ಬೆಳಿಗ್ಗೆ ಇಬ್ಬರು ಗೆಳತಿಯರ ಪಕ್ಕ ಮೂರನೆಯವಳಾಗಿ ಕೂತಿದ್ದೆ. ಮೈಯೆಲ್ಲ ದಣಿವು, ಕಣ್ಣು ಮೊಬೈಲಿನಲ್ಲಿ. ಡೊಂಬಿವಲಿಯಲ್ಲಿ ಗುಂಪು ನುಗ್ಗಿತು. "ಜರಾ ಸರಕ್ ನಾ, ಫೋರ್ತ್ ಸೀಟ್," ಚೂರು ಸರಿ ಎಂದು ಯಾರೋ ಭುಜ ಮುಟ್ಟಿದರು. ತಲೆಯೆತ್ತದೆ "ಜಗಾ ನಹೀ ಹೈ" ಅಂದುಬಿಟ್ಟೆ. ಆಮೇಲೆ ನೋಡಿದರೆ ಅತ್ತೆ! ನನ್ನ ದನಿಯಲ್ಲೇ ಗುರುತು ಹಿಡಿದಿರಬೇಕು. ಆಗಲೇ ಮುಖ ಆಚೆ ತಿರುಗಿಸಿ, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದರು. ಎದ್ದು ನನ್ನ ಜಾಗವನ್ನೇ ಕೊಡಬಹುದಿತ್ತು. ಗೆಳತಿಯರ ಎದುರಿನ ನಾಚಿಕೆಯೋ, ತಪ್ಪು ಮಾಡಿದ ಹೆದರಿಕೆಯೋ, ಏಳಲಿಲ್ಲ. ಕಣ್ಣು ಮುಚ್ಚಿಕೊಂಡೆ. ದಿವಾ, ಮುಂಬ್ರಾ, ಕಳವಾ ಒಂದೊಂದಾಗಿ ದಾಟಿದವು. ಠಾಣೆಯವರೆಗೂ ಅತ್ತೆ ನಿಂತೇ ಇದ್ದರು.

ಸಂಜೆ ಅವರು ಚಪ್ಪಲಿ ಬಿಡುತ್ತ ಅಮ್ಮನ ಹತ್ತಿರ ಮಾತಾಡುವುದು ಕೇಳಿಸಿತು. ಈಗ ಬಂತು ನನ್ನ ಗ್ರಹಚಾರ ಎಂದು ಅಡುಗೆಮನೆಯಿಂದಲೇ ಕಿವಿಗೊಟ್ಟೆ. "ಇವತ್ತು ಟ್ರೇನಲ್ಲಿ ನಮ್ಮ ಹುಡುಗಿಯನ್ನು ಕಂಡೆ. ಪಾಪ, ಓದಿ ಓದಿ ಸಾಕಾಗಿದೆ ಅದಕ್ಕೆ. ಒಳ್ಳೆ ನಿದ್ದೆ. ಎಬ್ಬಿಸ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಸುಳ್ಳು ಹೇಳಿ ನಿಮ್ಮ ಮಾನ ಉಳಿಸಿದವರು ಒಬ್ಬರಿದ್ದಿರಬಹುದು. ಅತ್ತೆ ತೀರಿಕೊಂಡ ಮೇಲೆ ಖಾರಘರದ ಈ ಮನೆಗೆ ಬಂದೆವು. ದಿನವೂ ಆಫೀಸಿನಿಂದ ಬಸವಳಿದು ಬಂದು ಮಲಗುತ್ತೇನೆ, ನಿದ್ದೆ ಮಾತ್ರ ಬೇಗ ಹತ್ತುವುದಿಲ್ಲ. ಅತ್ತೆ, ಆವತ್ತು ನಾನು ಎಚ್ಚರವಾಗಿಯೇ ಇದ್ದೆ.