ಮುನಿರತ್ನಮ್ಮನವರ ಗಿರಗಿಟ್ಲೆ

ಮುನಿರತ್ನಮ್ಮ ಯಾವ ಟಿವಿಯ ಮುಂದೆ ನಿಂತರೂ ಮೊದಲು ಚಿತ್ರದಲ್ಲಿ ಅಲುಗಾಡುವುದೇನಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಸಿಕ್ಕರೆ, "ಬದುಕೈತೆ" ಎಂದು ಕೂರುತ್ತಿದ್ದರು. ಮದುವೆ ಮನೆಯ ವಿಡಿಯೋ ಆದರೂ ಅಷ್ಟೇ.

ತೊಂಬತ್ತರ ದಶಕದಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿ ನಾವಿಬ್ಬರೂ ಸೇರಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮಾಡುತ್ತಿದ್ದೆವು. ನಾನು ರತ್ನಕ್ಕ ಎಂದು ಕರೆಯುತ್ತಿದ್ದ ಅವರು ಬೇತಮಂಗಲದ ರೈತರ ಮಗಳು. ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಕ್ಯಾಮೆರಾದ ಧೂಳು ತುಂಬಿದ ಚಿತ್ರವನ್ನು ಬಂದ ಕ್ಷಣದಲ್ಲೇ ತಿಳಿಯಾಗಿಸಿ ಟಿವಿಗೆ ಕಳಿಸುವುದು ನಮ್ಮ ಬೋರ್ಡಿನ ಕೆಲಸ. ಅದರ ಚಿಪ್‌ನ ಒಳಜೋಡಣೆಯನ್ನು ಕಂಪ್ಯೂಟರಿನಲ್ಲಿ ಬರೆದು ತುಂಬಬಹುದಿತ್ತು, ಸರಿಯಾಗದಿದ್ದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ನಾವು ಹೆಚ್ಚಾಗಿ ಅಳಿಸುತ್ತಿದ್ದೆವು.

ಒಂದು ಮಧ್ಯಾಹ್ನ ಚಿತ್ರ ಕನ್ನಡಿಯಂತೆ ಬಂತು. "ನೋಡಯ್ಯಾ, ಒಂದು ಚುಕ್ಕೀನೂ ಅಳ್ಳಾಡಾಕಿಲ್ಲ" ಎಂದು ಅವರು ಹಿಗ್ಗಿದರು. ಸೈಕಲ್ ಅಂಗಡಿಯವರಿಗೆಲ್ಲ ಟೀ ತರಿಸಿದರು. ಟೀ ತಂದ ಮುದುಕ ಕ್ಯಾಮೆರಾದ ಮುಂದೆಯೇ ಹಾದುಹೋದ. ಟಿವಿಯಲ್ಲಿ ಅವನಿಲ್ಲ. ಬೋರ್ಡು ಯಾವಾಗಲೋ ಸಿಕ್ಕಿಕೊಂಡು, ಹಳೆಯ ಚಿತ್ರವನ್ನೇ ತೋರಿಸುತ್ತಿತ್ತು. ರತ್ನಕ್ಕ ಬಿದ್ದು ಬಿದ್ದು ನಕ್ಕರು. ಆಮೇಲೆ ಆ ತಪ್ಪನ್ನು ತಿದ್ದಿದರು. "ಇನ್ನೊಂದು ಎಲ್ಲಿ ಕುಂತೈತೋ" ಎಂದು, ಹಳೆ ಟೇಪ್‌ರೆಕಾರ್ಡರಿನ ಮೋಟಾರಿಗೆ ಕೆಂಪು ಕಾಗದದ ಗಿರಗಿಟ್ಲೆ ಸಿಕ್ಕಿಸಿ ಕ್ಯಾಮೆರಾದ ಎದುರು ಮೂಲೆಯಲ್ಲಿ ನಿಲ್ಲಿಸಿದರು. ಟಿವಿಯಲ್ಲಿ ಅದು ತಿರುಗಿದರೆ ಚಿತ್ರ ಈಗಿನದು, ನಿಂತರೆ ಹಳೆಯದು.

ಬೋರ್ಡನ್ನು ಮೊದಲು ಕೊಂಡವರು ಊರಾಚೆಯ ಒಬ್ಬ ಜಲ್ಲಿ ಕ್ರಷರ್ ಮಾಲೀಕರು. ಕಲ್ಲು ಸುರಿಯುವ ಬಾಯೊಳಗೆ ಯಾರಾದರೂ ಇದ್ದಾರೆಯೇ ಎಂದು ಟಿವಿಯಲ್ಲಿ ನೋಡಿಕೊಂಡೇ ಯಂತ್ರ ಚಾಲೂ ಮಾಡಬೇಕು. ಆ ಬಾಯಿಯ ಅಂಚಿನಲ್ಲಿ ಕ್ಯಾಮೆರಾದ ಎದುರು ನಿಲ್ಲಿಸಿದ್ದ ಗಿರಗಿಟ್ಲೆ ಕಂಡು ಮಾಲೀಕರು, "ಏನಮ್ಮಾ, ಇದು ಕ್ರಷರೋ ಬಾಲವಾಡಿಯೋ? ತೆಗೀರಿ ಅದನ್ನ" ಎಂದರು.

"ಅದು ಬ್ಯಾಡಾಂದ್ರೆ ಬೋರ್ಡೂ ಬ್ಯಾಡ. ಎಲ್ಡೂ ಬಿಚ್ಕಂಡ್ ಓತೀನಿ."

ಗಿರಗಿಟ್ಲೆ ಉಳಿಯಿತು. ಯಂತ್ರ ನಡೆಸುವ ಸೆಲ್ವಂಗೆ ರತ್ನಕ್ಕ ಕಲಿಸಿದ್ದು ಒಂದೇ ಮಾತು: "ತಿರುಗ್ದೆ ಇದ್ರೆ ಗುಂಡಿ ಮುಟ್ಟಬ್ಯಾಡ ಕಣ್ಲಾ."

ಮರುದಿನ ಸೆಲ್ವಂ ಟೀಗೆ ಹೋಗಿದ್ದಾಗ ರತ್ನಕ್ಕ ಕ್ಯಾಮೆರಾದ ಗಾಜು ಒರೆಸಲು ಆ ಬಾಯೊಳಗೆ ಇಳಿದರು. ಇಳಿದದ್ದು ಅವನಿಗೆ ಗೊತ್ತಿಲ್ಲ, ಕೋಣೆಯಲ್ಲಿ ಟಿವಿಯ ಹಿಂದೆ ವೈರು ಹಿಡಿದು ಕೂತಿದ್ದ ನನಗೂ ಗೊತ್ತಿಲ್ಲ. ಲಾರಿ ಬಂತು. ಸೆಲ್ವಂ ಒಳಬಂದು ಟಿವಿ ನೋಡಿದ. "ಯಾರೂ ಇಲ್ಲ ಸಾರ್" ಎಂದು ಹಸಿರು ಗುಂಡಿಯತ್ತ ಕೈ ಚಾಚಿದ. ಕೈ ಅಲ್ಲೇ ನಿಂತಿತು.

"ಸಾರ್, ಗಿರಗಿಟ್ಲೆ ಯಾಕೆ ಸುಮ್ನೆ ನಿಂತಿದೆ?"

ಅವನ ಕೈಗೂ ಗುಂಡಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ಅದು ನನಗೆ ಇವತ್ತಿಗೂ ಕಾಣುತ್ತದೆ.

ಹೊರಗೆ ಓಡಿದೆವು. ಗಿರಗಿಟ್ಲೆ ತನ್ನ ಪಾಡಿಗೆ ತಿರುಗುತ್ತಿತ್ತು. ಅದರ ಕೆಳಗಿನಿಂದ ಹಿಟ್ಟಿನ ಗಿರಣಿಯಿಂದ ಬಂದವರಂತೆ ಧೂಳು ಮೆತ್ತಿದ ರತ್ನಕ್ಕನ ತಲೆ ಮೇಲೆದ್ದಿತು. ನಮ್ಮ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ನಿಂತಿತ್ತಾ?" ಎಂದರು. ನಾನು ತಲೆಯಾಡಿಸಿದೆ. "ಆಗ್ಲೇ ಅಂದಿದ್ನಲ್ಲ, ಇನ್ನೊಂದು ಕುಂತೈತೆ ಅಂತ. ಬಾ, ಉಡುಕಾನ."

ಟೀ ಕುಡಿಯುವಾಗ ಮಾತ್ರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಸೆಲ್ವಂಗೆ ಇನ್ನೊಂದು ವಡೆ ಕೊಡ್ರಪ್ಪಾ" ಎಂದರು. ಆ ಸಂಜೆ ಮಾಲೀಕರು ತಮ್ಮ ಟವೆಲ್ಲಿನಿಂದಲೇ ಗಿರಗಿಟ್ಲೆಯ ಧೂಳು ಒರೆಸುತ್ತಿದ್ದುದನ್ನು ನಾನು ನೋಡಿದೆ.

ಕೆಲವು ವರ್ಷಗಳ ನಂತರ ರತ್ನಕ್ಕನಿಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿತು. ಬಂಗಾರಪೇಟೆ ಸ್ಟೇಷನ್ನಿಗೆ ನಾನು ಒಂದು ಕಾಗದದ ಗಿರಗಿಟ್ಲೆ ಒಯ್ದಿದ್ದೆ. ಅದನ್ನವರು ಕಿಟಕಿಯ ಸರಳಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿದರು.

"ನಿಂತೈತಲ್ಲಯ್ಯಾ" ಎಂದರು.

"ಇರಿ ರತ್ನಕ್ಕ" ಎಂದೆ.

ಆಮೇಲೆ ನಾನು ಅವರನ್ನು ನೋಡಲೇ ಇಲ್ಲ. ಅಂದು ರೈಲು ಒಮ್ಮೆ ಜಗ್ಗಿ ಮುಂದೆ ಸರಿಯಿತು. ಗಿರಗಿಟ್ಲೆ ಮೊದಲು ನಡುಗಿತು, ಆಮೇಲೆ ತಿರುಗತೊಡಗಿತು. ರತ್ನಕ್ಕ ಕಿಟಕಿಯಿಂದ ಏನೋ ಕೂಗಿದರು. ಸದ್ದಿನಲ್ಲಿ ಕೇಳಲಿಲ್ಲ, ಟಿವಿಯ ಮುಂದೆ ಯಾವಾಗಲೂ ಅನ್ನುತ್ತಿದ್ದ ಆ ಒಂದು ಮಾತನ್ನು ಕೇಳಬೇಕಾಗಿಯೂ ಇರಲಿಲ್ಲ.